ರುಯಿಯ ಮೆಟ್ಟಿಲುಗಲ್ಲು

ನಾನು ಒಂದು ಕಲ್ಲು. ಮೊದಲು ಮೆಟ್ಟಿಲಾಗಿದ್ದೆ, ಆಮೇಲೆ ಸಮಾಧಿಯ ಬರಹದ ಕಲ್ಲಾದೆ. ಈಗ ಮ್ಯೂಸಿಯಮ್ಮಿನ ಒಂದು ಮೂಲೆಯಲ್ಲಿ ಗೋಡೆಗೆ ಬೆನ್ನು ಮಾಡಿ ನಿಂತಿದ್ದೇನೆ. ನನ್ನ ಮುಖದ ಮೇಲೆ ಆರುನೂರಕ್ಕೂ ಹೆಚ್ಚು ಅಕ್ಷರಗಳಿವೆ. ಬಂದವರೆಲ್ಲ ಓದಿ ತಲೆದೂಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಏಕೆಂದರೆ ಅದರಲ್ಲಿ ನಿಜ ಇರಬೇಕಾದ ಜಾಗದಲ್ಲೆಲ್ಲ ಸುಳ್ಳಿದೆ, ಮತ್ತು ಆ ಸುಳ್ಳನ್ನು ನನ್ನ ಚರ್ಮದ ಮೇಲೆಯೇ ಕೆತ್ತಿದ್ದಾರೆ. ಇನ್ನೊಂದು ಮಾತು. ದಯೆಯಿಲ್ಲದವರನ್ನು ಕಂಡರೆ ನೀವು 'ಕಲ್ಲೆದೆ' ಎನ್ನುತ್ತೀರಲ್ಲ, ಅದನ್ನು ಮೊದಲು ನಿಲ್ಲಿಸಿ. ನಾನು ಕಂಡ ಕಟುಕರಿಗೆಲ್ಲ ಮೆತ್ತನೆಯ ಮಾಂಸದ ಎದೆಯೇ ಇತ್ತು.

ನಾನು ಹುಟ್ಟಿದ್ದು ಚಾಂಗಾನ್ ನಗರದ ಉತ್ತರಕ್ಕಿರುವ ಬೆಟ್ಟದಲ್ಲಿ. ಟಾಂಗ್ ಅರಸರ ಕಾಲ. ಕಲ್ಲುಕುಟಿಗರು ತಾಯಿಬಂಡೆಗೆ ಒಣಮರದ ಬೆಣೆ ಬಡಿದು, ಮೇಲೆ ನೀರು ಹುಯ್ದು, ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಕಾದರು. ಬೆಣೆ ಉಬ್ಬಿತು. ನಾನು ಬೇರೆಯಾದೆ. ಎರಡು ಮೊಳ ಉದ್ದ, ಎರಡು ಮೊಳ ಅಗಲ, ಒಂದು ಗೇಣು ದಪ್ಪ, ಮಳೆಮೋಡದಂಥ ನೀಲಿ ಬಣ್ಣ. ಎತ್ತಿನ ಗಾಡಿಯಲ್ಲಿ ನನ್ನನ್ನು ಅರಮನೆಗೆ ತಂದರು. ಅರಮನೆ ಎಂದರೆ ಸಿಂಹಾಸನದ ಬುಡ ಎಂದುಕೊಳ್ಳಬೇಡಿ. ಹಿಂದಿನ ಅಂಗಳವೊಂದರಲ್ಲಿ, ಬಣ್ಣ ಹೋದ ಬಾಗಿಲಿನ ಮುಂದೆ, ಮೆಟ್ಟಿಲಾಗಿ ಹಾಕಿದರು.

ಮೆಟ್ಟಿಲಿಗೆ ಲೋಕ ಕಾಣುವುದು ಕೆಳಗಿನಿಂದ. ಮುಖಕ್ಕಿಂತ ಮೊದಲು ನನಗೆ ಪಾದಗಳ ಪರಿಚಯ. ಆ ಅಂಗಳಕ್ಕೆ ದೊಡ್ಡ ಪಾದಗಳು ಬರುತ್ತಿದ್ದುದೇ ಕಡಿಮೆ. ಅಲ್ಲಿದ್ದವಳು ಚಕ್ರವರ್ತಿಯ ಹದಿನೇಳನೆಯ ಮಗಳು. ಅವಳ ತಾಯಿ ಸಣ್ಣ ದರ್ಜೆಯ ರಾಣಿ, ಹೆತ್ತ ಆರನೆಯ ದಿನವೇ ತೀರಿಹೋದಳು. ಸಾಕಿದವಳು ದಾದಿ ಮೌ. ಹಳ್ಳಿಯ ಹೆಂಗಸು, ಅಗಲವಾದ ಪಾದ, ಅದಕ್ಕಿಂತ ಅಗಲವಾದ ಬಾಯಿ.

ಮಗುವಿಗೆ ಅರಮನೆಯವರು ಕೊಟ್ಟ ಬಿರುದು ಆನ್‌ಲಾನ್ ರಾಜಕುಮಾರಿ. ಹೆಸರು ರುಯಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಅದಕ್ಕಾಗಿಯೇ ನಾನು ಇಷ್ಟು ಬಾಯಿ ಮಾಡುತ್ತಿರುವುದು.

ರುಯಿ ನಡೆಯಲು ಕಲಿತದ್ದು ನನ್ನ ಮೇಲೆ. ದಾದಿಯ ಕಿರುಬೆರಳು ಹಿಡಿದು ಹತ್ತುವಳು, ಬೀಳುವಳು, ಬಿದ್ದಲ್ಲೇ ಕೂತು ನನ್ನನ್ನು ಅಂಗೈಯಿಂದ ಹೊಡೆಯುವಳು.

"ಅದಕ್ಯಾಕೆ ಹೊಡೀತೀಯೇ? ಅದೇನ್ ಮಾಡಿತು ನಿಂಗೆ? ಸವರು, ಪಾಪ ಅನ್ನು," ಎನ್ನುವಳು ದಾದಿ. ಮಗು ನನ್ನನ್ನು ಸವರುತ್ತಿತ್ತು. ಕಲ್ಲಾಗಿ ಹುಟ್ಟಿ ಇನ್ನೇನು ಬೇಕು ಹೇಳಿ.

ದೊಡ್ಡವಳಾದಂತೆ ಅವಳಿಗೆ ಕುದುರೆಯ ಹುಚ್ಚು ಹಿಡಿಯಿತು. ಆಗ ಅರಮನೆಯ ಹೆಣ್ಣುಮಕ್ಕಳು ಕುದುರೆ ಏರಿ ಕೋಲಿನಿಂದ ಚೆಂಡು ಹೊಡೆಯುವ ಆಟ ಆಡುತ್ತಿದ್ದರು. ರುಯಿ ಆಡಿ ಬರುವಾಗ ಮೊಳಕಾಲವರೆಗೆ ಕೆಸರು. ಬಂದವಳೇ ಬೂಟಿನ ಕೆಸರನ್ನು ನನ್ನ ಎಡಗಡೆಯ ಅಂಚಿಗೆ ಕೆರೆದು ತೆಗೆಯುತ್ತಿದ್ದಳು. ವರ್ಷಗಟ್ಟಲೆ ಕೆರೆದು ಕೆರೆದು ಆ ಅಂಚಿನಲ್ಲಿ ಒಂದು ಕಚ್ಚು ಬಿತ್ತು. ಅವಳು ಕೂರುವ ಜಾಗದಲ್ಲಿ ಸಣ್ಣ ತಗ್ಗೂ ಆಯಿತು.

ಚಕ್ರವರ್ತಿ ಆ ಅಂಗಳಕ್ಕೆ ಬಂದದ್ದು ಒಂದೇ ಸಲ. ಕಾವೊ ಮಂತ್ರಿಯ ಮಗನಿಗೆ ಅವಳನ್ನು ಕೊಡುವುದೆಂದು ಗೊತ್ತಾದಾಗ. ಚಿನ್ನದ ದಾರದ ಪಾದರಕ್ಷೆ ನನ್ನ ಮೇಲೆ ಬಂದು ನಿಂತಿತು.

"ನಿನ್ನ ಅಕ್ಕಂದಿರು ತೋಟ ಕೇಳಿದರು, ಮುತ್ತು ಕೇಳಿದರು. ನಿನಗೇನು ಬೇಕು?"

"ಈ ಮೆಟ್ಟಿಲು ಬೇಕು ಅಪ್ಪಾಜಿ," ಎಂದಳು ರುಯಿ.

ಅವನು ಹೊಟ್ಟೆ ಹಿಡಿದು ನಕ್ಕ. ಮಗಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. ಅವಳಿಗೆ ಆ ಅರಮನೆಯಲ್ಲಿ ತನ್ನದು ಎನ್ನುವಂಥದ್ದು ಬೇರೆ ಏನೂ ಇರಲಿಲ್ಲ ಎಂದು ಅವನ ತಲೆಗೆ ಹೋಗಲಿಲ್ಲ. ಹೀಗೆ ನಾನು ಬಳುವಳಿಯಾಗಿ, ದಾದಿಯ ಜೊತೆ, ಕಾವೊ ಮನೆಗೆ ಹೋಗಿ ಅವಳ ಅಂಗಳದಲ್ಲಿ ಮತ್ತೆ ಮೆಟ್ಟಿಲಾದೆ.

ಅವಳ ಗಂಡ ಹೆಂಗ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳು ಎದುರು ನಿಂತು ಗೆಲ್ಲುತ್ತಿದ್ದಳು. ಅವನು ಬರೀ ಅವನ ಅಪ್ಪನ ಮಗ. ನನ್ನ ಮೇಲೆ ಒಂದು ಕಾಲಿಟ್ಟರೆ ಇನ್ನೊಂದು ಕಾಲು ಅಪ್ಪನ ಕೋಣೆಯ ಕಡೆಗೇ ತಿರುಗಿರುತ್ತಿತ್ತು. ಅಪ್ಪ ಕಾವೊ ಮಂತ್ರಿಯೋ, ಹೆಜ್ಜೆಯ ಸದ್ದೇ ಕೇಳಿಸದ ಮನುಷ್ಯ. ರಾಜಕುಮಾರಿಗೆ ನಡುಬಗ್ಗಿಸಿ ನಮಸ್ಕರಿಸುತ್ತಿದ್ದ. ಅಷ್ಟು ಬಗ್ಗುವವರನ್ನು ನಂಬಬಾರದು ಎಂದು ದಾದಿ ಮೌ ಆಗಾಗ ಗೊಣಗುತ್ತಿದ್ದಳು. ನನಗೂ ಹಾಗೇ ಅನಿಸುತ್ತಿತ್ತು.

ಅವರಿಗೆ ಹುಟ್ಟಿದ್ದು ಒಬ್ಬಳೇ ಮಗಳು, ಯಿಂಗ್. ತಾಯಿ ಮಗಳು ಸಂಜೆ ನನ್ನ ಮೇಲೆ ಕೂತು ಒಂದು ಆಟ ಆಡುತ್ತಿದ್ದರು. ಯಿಂಗ್ ಕಣ್ಣು ಮುಚ್ಚಬೇಕು. ರುಯಿ ತನ್ನ ಕೂದಲಿನ ಸೂಜಿಯ ಮೊಂಡು ತುದಿಯಿಂದ ಅವಳ ಅಂಗೈ ಮೇಲೆ ಒಂದು ಅಕ್ಷರ ಬರೆಯುವಳು. ಯಾವ ಅಕ್ಷರ ಎಂದು ಮಗಳು ಹೇಳಬೇಕು.

"ಬೆಟ್ಟ!"

"ಸರಿ. ಇದು?"

"ಕುದುರೆ. ಅಮ್ಮಾ, ಕಚಗುಳಿ ಆಗುತ್ತೆ."

"ಕಣ್ಣು ಬಿಡಬೇಡ ಕಳ್ಳಿ. ಇದು?"

ಯಿಂಗ್ ಓದು ಕಲಿತದ್ದು ಹೀಗೆ, ಮೊದಲು ಚರ್ಮದಿಂದ, ಆಮೇಲೆ ಕಣ್ಣಿನಿಂದ.

ಅವಳಿಗೆ ಹದಿನಾಲ್ಕಾದಾಗ ಉತ್ತರದ ಹುಲ್ಲುಗಾಡಿನ ದೊರೆ ಖಾನ, ರಾಜವಂಶದ ಹೆಣ್ಣು ಕೊಡಿ ಎಂದು ಕೇಳಿ ಕಳಿಸಿದ. ಕೊಡದಿದ್ದರೆ ದಂಡು ಬರುತ್ತದೆ. ಆ ಹೊತ್ತಿಗೆ ಹಳೆಯ ಚಕ್ರವರ್ತಿ ಸತ್ತು, ರುಯಿಯ ಮಲ ಅಣ್ಣ ಪಟ್ಟಕ್ಕೆ ಬಂದಿದ್ದ. ಅವನಿಗೂ ಹೆಣ್ಣುಮಕ್ಕಳಿದ್ದರು, ಆದರೆ ಅವರು ಅವನ ಸ್ವಂತ ಮಕ್ಕಳಲ್ಲವೇ! ಯಾರದೋ ಮಗಳಿಗೆ ರಾಜಕುಮಾರಿಯ ಬಿರುದು ಕೊಟ್ಟು ಕಳಿಸುವುದು ಆ ದೇಶದ ಹಳೆಯ ಪದ್ಧತಿ. ಕಾವೊ ಮಂತ್ರಿ ಮೊಮ್ಮಗಳನ್ನು ಕೊಟ್ಟ. ಹಿರಿಯ ಮಂತ್ರಿಯ ಪೀಠ ಖಾಲಿಯಿತ್ತು, ಅದಕ್ಕೆ.

ಸುದ್ದಿ ಹೇಳಲು ಮಗನನ್ನು ಕರೆದುಕೊಂಡು ಅವನೇ ಬಂದ. ಅಂದೂ ನಡುಬಗ್ಗಿಸಿದ.

"ರಾಜಕುಮಾರಿಯವರೇ, ಇದು ನಮ್ಮ ಮನೆತನದ ಭಾಗ್ಯ. ನಿಮ್ಮ ಅಣ್ಣನವರೇ ಬಾಯಿಬಿಟ್ಟು ಕೇಳಿದಾರೆ."

"ಅಣ್ಣ ಕೇಳಿದ್ರಾ, ನೀವಾಗೇ ಹೋಗಿ ಕೊಟ್ರಾ, ಮಾವನವರೇ?"

ಅವನು ತೋಳಂಗಿಯ ಮಡಿಕೆ ಸರಿಮಾಡಿಕೊಂಡ.

"ಆ ಖಾನನಿಗೆ ಅರವತ್ತು ವರ್ಷ. ನನ್ನ ಮಗಳಿಗೆ ಹದಿನಾಲ್ಕು."

"ವಯಸ್ಸು ನೋಡೋದು ಸಾಮಾನ್ಯರ ಮದುವೆಗೆ. ಇದು ಎರಡು ರಾಜ್ಯದ ಮದುವೆ."

ರುಯಿ ಗಂಡನ ಕಡೆ ತಿರುಗಿದಳು. "ನೀವು ಒಂದು ಮಾತಾಡಿ. ಒಂದೇ ಮಾತು."

ಹೆಂಗ್‌ನ ಪಾದಗಳು ನನ್ನ ಮೇಲೆ ಒಂದರ ಮೇಲೊಂದು ಉಜ್ಜಿಕೊಂಡವು. "ಅಪ್ಪ ಆಗ್ಲೇ ಮಾತು ಕೊಟ್ಟಾಗಿದೆಯಲ್ಲ..." ಎಂದ. ಆ ಪಾದಗಳನ್ನು ಅಲ್ಲೇ ಜಾರಿಸಿ ಬೀಳಿಸುವ ಶಕ್ತಿ ನನಗೆ ಯಾಕಿರಲಿಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ರುಯಿ ಅಣ್ಣನ ಅರಮನೆಗೆ ಹೋದಳು. ಮಧ್ಯಾಹ್ನದೊಳಗೆ ವಾಪಸು ಬಂದಳು.

"ಒಳಕ್ಕೇ ಬಿಡ್ಲಿಲ್ಲ ದಾದಮ್ಮ," ಎಂದಳು. "ಬಾಗಿಲಲ್ಲೇ ಒಬ್ಬ ಬಂದು ಹೇಳಿದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗಂತೆ. ನಿಮ್ಮ ಮಾವನವರನ್ನ ಕೇಳಿ ಅಂದ."

"ಮಾವನ್ನ ಕೇಳಿದ್ರೆ ಅರಮನೆ ಅಂತಾನೆ! ಇವರ ಮನೆ ಹಾಳಾಗ!" ದಾದಿ ಎದೆ ಬಡಿದುಕೊಂಡಳು. "ರುಯಿ ಮಗಾ, ನೀನು ಅತ್ತ ಹೋಗ್ತಿದ್ದ ಹಾಗೇ ಯಿಂಗ್‌ನ ಕರಕೊಂಡು ಹೋದ್ರು ಕಣೇ. ಮದುವೆ ಶಾಸ್ತ್ರ ಕಲಿಸ್ಬೇಕು, ಇನ್ನು ಅರಮನೆಯಲ್ಲೇ ಇರ್ತಾಳೆ ಅಂದ್ರು."

ರುಯಿ ನನ್ನ ಮೇಲೆ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಅಂಗಳದ ಬಾಗಿಲಿಗೆ ಹೊರಗಿನಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು. ದಾದಿಗೆ ಮಾತ್ರ ಹೋಗಿಬರಲು ಬಿಟ್ಟರು.

"ಮಗಳು ಬರೋವರೆಗೆ ನಾನು ಒಳಗೆ ಹೋಗಲ್ಲ. ಉಣ್ಣಲ್ಲ," ಎಂದಳು ರುಯಿ. ಕೂದಲಿನ ಸೂಜಿ ಕಿತ್ತು, ತಾನು ಕೂತ ಜಾಗದ ಪಕ್ಕದಲ್ಲಿ ಅದರ ಚೂಪು ತುದಿಯಿಂದ ನನ್ನ ಮೇಲೆ ಗೀಚಿದಳು. ಅವರ ಲಿಪಿಯಲ್ಲಿ ಅದು ಎರಡೇ ಅಕ್ಷರ. ಅರ್ಥ ಇಷ್ಟು: ನಾನು ಕೊಡುವುದಿಲ್ಲ.

ಮರುದಿನ ಅದರ ಕೆಳಗೆ ಮತ್ತೆ ಅದೇ ಎರಡು ಅಕ್ಷರ. ಅದರ ಮರುದಿನವೂ ಅದೇ. ಮಾಗಿಯ ಚಳಿ. ನಾನು ಕಲ್ಲು, ನನಗೇ ಮೈ ಕೊರೆಯುತ್ತಿತ್ತು. ದಾದಿ ಗಂಜಿ ತಂದು ತಂದು ಆರಿಸಿ ವಾಪಸು ಒಯ್ಯುತ್ತಿದ್ದಳು. ಯಿಂಗ್‌ಗೆ ಒಂದು ಮಾತು ಮುಟ್ಟಿಸೋಣ ಎಂದು ಮೂರು ಸಲ ಅರಮನೆಗೆ ಹೋದಳು, ಮೂರು ಸಲವೂ ಅವಳನ್ನು ನೂಕಿ ಕಳಿಸಿದರು.

ಏಳನೆಯ ದಿನ ಹೆಂಗ್ ಬಂದ. "ಎದ್ದು ಊಟ ಮಾಡಿ. ನೀವು ಹೀಗೆ ಕೂತಿರೋದು ಯಿಂಗ್‌ಗೆ ಗೊತ್ತೂ ಇಲ್ಲ. ನೀವು ಸಂತೋಷವಾಗಿ ಒಪ್ಪಿದೀರಿ, ಅಳು ಅಪಶಕುನ ಅಂತ ನೋಡೋಕೆ ಬರ್ತಿಲ್ಲ ಅಂತ ಅಪ್ಪ ಅವಳಿಗೆ ಹೇಳಿದಾರೆ."

ಅಲ್ಲಿಯವರೆಗೆ ರುಯಿ ಅತ್ತಿರಲಿಲ್ಲ. "ಅಮ್ಮನೇ ಕಳಿಸಿದಳು ಅಂದ್ಕೊಂಡು ಹೋಗ್ತಾಳಾ ನನ್ನ ಮಗಳು?" ಎಂದು ಕೇಳಿದಳು. "ಕಳಿಸೋದಾದ್ರೂ ಕಳಿಸ್ತೀರಿ. ಇದೊಂದು ಸುಳ್ಳು ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಇದೊಂದನ್ನ ಹೇಳ್ಬೇಡಿ." ರಾಜಕುಮಾರಿ ಗಂಡನ ಕಾಲು ಹಿಡಿದಳು. ಅವನು ಕಾಲು ಬಿಡಿಸಿಕೊಂಡು ಅಪ್ಪನ ಕೋಣೆಯ ಕಡೆ ಹೋದ.

ಹನ್ನೊಂದನೆಯ ದಿನ ಬೆಳಗ್ಗೆ ಹೊರಬೀದಿಯಲ್ಲಿ ನಗಾರಿ ಕೇಳಿಸಿತು. ಮದುವೆಯ ಮೆರವಣಿಗೆ ಊರ ಬಾಗಿಲ ಕಡೆ ಹೊರಟಿತ್ತು. ರುಯಿ ಗೋಡೆ ಹಿಡಿದು ಎದ್ದು ನಿಂತು, ಸದ್ದು ಪೂರ್ತಿ ಅಡಗುವವರೆಗೆ ಕೇಳಿದಳು.

"ಅವಳು ಈ ಕಡೆ ತಿರುಗಿಯೂ ನೋಡಿರಲ್ಲ, ಅಲ್ವಾ ದಾದಮ್ಮ?"

ದಾದಿ ಅವಳ ಹೆಗಲಿಗೆ ಕಂಬಳಿ ಹೊದಿಸಿದಳು. ರುಯಿ ಕೂತು ಹನ್ನೊಂದನೆಯ ಸಾಲು ಗೀಚಿದಳು. ಕೊನೆಯ ಗೆರೆ ಸೊಟ್ಟಗಾಯಿತು. ಆಮೇಲೆ ಅವಳು ಏಳಲಿಲ್ಲ.

ಜ್ವರ ಬಂದು ತೀರಿಕೊಂಡಳು ಎಂದು ಕಾವೊ ಮನೆಯವರು ಊರಿಗೆಲ್ಲ ಹೇಳಿದರು. ಬದುಕಿದ್ದಾಗ ಒಂದು ಮಾತು ಆಡಗೊಡದವರು ಹೆಣಕ್ಕೆ ಶೃಂಗಾರ ಮಾಡುವುದರಲ್ಲಿ ಎತ್ತಿದ ಕೈ! ದೊಡ್ಡವರ ಗೋರಿಯೊಳಗೆ ಸತ್ತವರ ಚರಿತ್ರೆ ಕೆತ್ತಿದ ಚೌಕದ ಕಲ್ಲು, ಅದರ ಮೇಲೊಂದು ಮುಚ್ಚಳದ ಕಲ್ಲು ಇಡುವುದು ಅವರ ಪದ್ಧತಿ. ತೀರಿಕೊಂಡ ಎಂಟನೆಯ ದಿನವೇ ಹೂಳುವ ಮುಹೂರ್ತ ಎಂದ ಜೋಯಿಸ. ಹಿಮ ಸುರಿದು ಬೆಟ್ಟದ ದಾರಿ ಮುಚ್ಚಿತ್ತು. ಮುಚ್ಚಳ ಪೇಟೆಯಲ್ಲಿ ಸಿಕ್ಕಿತು, ಅದಕ್ಕೆ ಒಪ್ಪುವ ಅಡಿಗಲ್ಲು ಸಿಗಲಿಲ್ಲ. ಮುಹೂರ್ತ ಮೀರಿದರೆ ಮಂತ್ರಿಯ ಹೊಸ ಪೀಠಕ್ಕೆ ಕುತ್ತು ಎಂದು ಜೋಯಿಸ ಹೆದರಿಸಿದ. ಕಾವೊ ಮಂತ್ರಿ ಅಂಗಳಕ್ಕೆ ಬಂದು, ಕೈಯ ಕೋಲಿನಿಂದ ನನ್ನನ್ನು ಅಳೆದು, "ಇದೇ ಸಾಕು," ಎಂದ. ನನ್ನ ಮೇಲೆ ಒಂದು ಗೇಣು ಹಿಮ ಕೂತಿತ್ತು. ತಾನು ಯಾವುದರ ಮೇಲೆ ನಿಂತಿದ್ದೇನೆ ಎಂದು ಅವನು ನೋಡಲೇ ಇಲ್ಲ.

ನೋಡಿದವನು ಬಿಯಾನ್ ಎಂಬ ಕಲ್ಲುಕೆತ್ತುವವನು. ಹಿಮ ಗುಡಿಸಿದ, ಓದಿದ, ಉಳಿ ಕೆಳಗಿಟ್ಟ. ದಾದಿ ಮೌ ಅವನ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತಳು.

"ಅದನ್ನ ಅಳಿಸ್ಬೇಡಪ್ಪ. ಅವಳದ್ದು ಅಂತ ಉಳಿದಿರೋದು ಅದೊಂದೇ."

"ಅಳಿಸ್ದೆ ಕೊಟ್ರೆ ನನ್ನ ಕೈ ಕಡೀತಾರಮ್ಮ."

ಅವನು ನನ್ನ ತಗ್ಗಿನ ಮೇಲೆ ಅಂಗೈ ಆಡಿಸಿದ. ಆಮೇಲೆ ಮನೆಯ ಮೇಸ್ತ್ರಿಯನ್ನು ಕರೆದು, "ಸ್ವಾಮಿ, ಈ ಮುಖ ತುಳಿದೂ ತುಳಿದೂ ತಗ್ಗು ಬಿದ್ದಿದೆ. ಅಕ್ಷರ ನಿಲ್ಲಲ್ಲ. ಮಗುಚಿ ಆ ಕಡೆ ಕೆತ್ತಬೇಕು," ಎಂದ. ಅದು ನಿಜವೂ ಆಗಿತ್ತು. ಮೇಸ್ತ್ರಿ ಹೂಂ ಎಂದ. ಹೀಗೆ ರುಯಿಯ ಮಾತು ನನ್ನ ಬೆನ್ನಿಗೆ ಹೋಯಿತು, ಮಾವನ ಮಾತು ನನ್ನ ಮುಖಕ್ಕೆ ಬಂತು.

ಏನೇನು ಕೆತ್ತಿಸಿದರು ಕೇಳಿ. ಮೊದಲ ಏಳು ಸಾಲು ಕಾವೊ ಮನೆತನದ ಅಜ್ಜ ಮುತ್ತಜ್ಜರ ಪದವಿಗಳು. ಆಮೇಲೆ 'ರಾಜಕುಮಾರಿಯ ಹೆಸರು' ಎಂದು ಬರೆದು ಎರಡು ಅಕ್ಷರದ ಎರಡು ಚೌಕ ಖಾಲಿ. ದೊಡ್ಡ ಮನೆಯ ಹೆಂಗಸರ ಹೆಸರು ಒಳಮನೆ ದಾಟಬಾರದಂತೆ! ಗೋರಿಯೊಳಗೆ ಕದ್ದು ಕೇಳುವವರು ಯಾರಿದ್ದರೋ ಕಾಣೆ. ಅವಳು ಮೃದುಭಾಷಿಣಿಯಂತೆ, ಮಾವನ ಮಾತಿಗೆ ಎದುರಾಡಿದವಳಲ್ಲವಂತೆ. ಕೊನೆಗೆ ಈ ಸಾಲು: 'ನಾಡಿನ ಹಿತಕ್ಕಾಗಿ ಮಗಳನ್ನು ನಗುನಗುತ್ತ ಒಪ್ಪಿಸಿದಳು.' ಇದನ್ನು ಕೆತ್ತುವಾಗ ಬಿಯಾನನ ಉಳಿ ಎರಡು ಸಲ ಜಾರಿತು. ನನಗೆ ಬಾಯಿದ್ದಿದ್ದರೆ ಆ ಉಳಿಯನ್ನು ಕಚ್ಚಿ ಮುರಿಯುತ್ತಿದ್ದೆ.

ಗೋರಿಯಲ್ಲಿ ನನ್ನನ್ನು ಇಡುವಾಗ ಬಿಯಾನ್ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಕೊಟ್ಟ. "ನೆಲದ ತೇವ ತಾಗಬಾರದು," ಎಂದ. ನನ್ನ ಕೆಳಗೆ ಒಂದು ಕೈ ಹೋಗುವಷ್ಟು ಜಾಗ ಉಳಿಯಿತು. ಅದು ತೇವಕ್ಕಾಗಿ ಅಲ್ಲ ಎಂದು ನನಗೆ ಗೊತ್ತು.

ಆಮೇಲೆ ಇಪ್ಪತ್ತೆರಡು ವರ್ಷ ಕತ್ತಲೆ. ಮೇಲೆ ಆ ಮುಚ್ಚಳ. ಅದು ಮಹಾ ಜಂಬದ ಕಲ್ಲು, ಮೈಮೇಲೆ ಬಿರುದು ಬಿಟ್ಟರೆ ಬೇರೇನೂ ಇಲ್ಲ, ಆದರೂ ನನಗಿಂತ ಮೇಲೆ ಕೂತ ಹೆಮ್ಮೆ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ಇಂಥದ್ದಕ್ಕೇ.

ಒಂದು ದಿನ ಗೋರಿಯ ಬಾಗಿಲು ಒಡೆದರು. ಹೆಂಗ್ ಸತ್ತಿದ್ದ. ಗಂಡ ಹೆಂಡಿರನ್ನು ಒಂದೇ ಗೋರಿಯಲ್ಲಿ ಇಡುವುದು ಅವರ ವಾಡಿಕೆ. ಬದುಕಿದ್ದಾಗ ಹೆಂಡತಿಯ ಪಕ್ಕ ನಿಲ್ಲದವನು ಸತ್ತ ಮೇಲೆ ಮಲಗಲು ಬಂದ. ಪೆಟ್ಟಿಗೆ ಹೊತ್ತವರ ಹಿಂದೆ ಅವನ ಎರಡನೆಯ ಹೆಂಡತಿಯ ಮಗ ಯುವಾನ್ ಬಂದ. ಅವನ ಹಿಂದೆ ಇನ್ನೊಂದು ಜೊತೆ ಪಾದ ಇಳಿಯಿತು. ಉಣ್ಣೆ ಬಡಿದು ಮಾಡಿದ ಉತ್ತರದವರ ಬೂಟು, ಕುರಿಕೊಬ್ಬಿನ ವಾಸನೆ.

"ಅಕ್ಕ, ದೊಡ್ಡಮ್ಮನಿಗೆ ನಮಸ್ಕಾರ ಮಾಡಿ. ಹೊತ್ತಾಗ್ತಿದೆ," ಎಂದ ಯುವಾನ್.

"ಯಾಕೆ ಮಾಡ್ಲಿ?"

ಯಿಂಗ್! ಮೂವತ್ತಾರು ವರ್ಷದ ಯಿಂಗ್, ಬಿರುಕುಬಿಟ್ಟ ದನಿ. ಅಲ್ಲಿ ಖಾನರ ಆಳ್ವಿಕೆ ಮುಗಿದ ಮೇಲೆ ಅವಳನ್ನು ವಾಪಸು ಕಳಿಸಿದ್ದರು.

"ಈ ಕಲ್ಲಿನ ಬರಹನ ಅಜ್ಜ ನಕಲು ಮಾಡಿಸಿ ಅಲ್ಲಿಗೆ ಕಳಿಸಿದ್ರು," ಎಂದಳು. "'ಮಗಳನ್ನು ನಗುನಗುತ್ತ ಒಪ್ಪಿಸಿದಳು.' ಮುದುಕ ಖಾನ ಸತ್ತ, ಅವನ ಮಗನಿಗೆ ನನ್ನ ಕೊಟ್ರು. ಅಲ್ಲಿ ಹಾಗೇ. ಅವತ್ತೂ ಇದನ್ನೇ ಓದಿದೆ. ಎರಡು ಮಕ್ಕಳು ಸತ್ತಾಗಲೂ ಇದನ್ನೇ ಓದಿದೆ. ನಗುನಗುತ್ತ! ಇಂಥ ಅಮ್ಮನಿಗೆ ನಾನು ನಮಸ್ಕಾರ ಮಾಡ್ಬೇಕಾ?"

ಹೇಳಿದವಳೇ ಕಾಲೆತ್ತಿ ನನಗೆ ಒದ್ದಳು.

ನನ್ನ ಇಡೀ ಬದುಕಿನಲ್ಲಿ ಅಷ್ಟು ನೋವಾದದ್ದಿಲ್ಲ. ಅಷ್ಟು ಸಂತೋಷವಾದದ್ದೂ ಇಲ್ಲ. ಏಕೆಂದರೆ ಅವಳ ಬೂಟು ನನ್ನ ಅಂಚಿನ ಕಚ್ಚಿಗೆ ಸಿಕ್ಕಿಕೊಂಡಿತು.

ಅವಳು ಕಾಲು ಎಳೆದುಕೊಂಡಳು. ಬಗ್ಗಿ ಆ ಕಚ್ಚನ್ನು ಬೆರಳಿನಿಂದ ಮುಟ್ಟಿದಳು. "ದೀಪ ತಾ," ಎಂದಳು. "ಯುವಾನ್, ಇದು ನಮ್ಮ ಮೆಟ್ಟಿಲು ಕಣೋ. ಅಮ್ಮ ಬೂಟು ಕೆರೀತಿದ್ದ ಮೆಟ್ಟಿಲು." ಇನ್ನೊಂದು ಗಳಿಗೆಗೆ, "ಹಾಗಾದ್ರೆ ನಾವು ಕೂರ್ತಿದ್ದ ಜಾಗ ಎಲ್ಲಿ?" ಎಂದು ತನ್ನನ್ನೇ ಕೇಳಿಕೊಂಡಳು.

ನೆಲದ ಮೇಲೆ ಮಲಗಿದಳು. ಇಟ್ಟಿಗೆಗಳ ನಡುವೆ ನನ್ನ ಕೆಳಗೆ ಕೈ ತೂರಿಸಿ ಆ ತಗ್ಗನ್ನು ಹುಡುಕಿದಳು. ತಗ್ಗು ಸಿಕ್ಕಿತು. ಅದರ ಪಕ್ಕದಲ್ಲಿ ಬೆರಳು ನಿಂತಿತು. ಯಾರೂ ಹೇಳದೆ ಅವಳೇ ಕಣ್ಣು ಮುಚ್ಚಿದಳು.

"ನಾನು... ಕೊಡುವುದಿಲ್ಲ."

ಬೆರಳು ಕೆಳಗಿನ ಸಾಲಿಗೆ ಜರುಗಿತು. "ನಾನು ಕೊಡುವುದಿಲ್ಲ." ಮತ್ತೆ ಕೆಳಗೆ. ತೋಳು ಹೆಗಲವರೆಗೆ ನನ್ನ ಅಡಿಯಲ್ಲಿತ್ತು, ಕೆನ್ನೆ ನೆಲದ ಮಣ್ಣಿನಲ್ಲಿ. ಹನ್ನೊಂದೂ ಸಾಲು ಓದಿದಳು. ಕೊನೆಯದರ ಸೊಟ್ಟ ಗೆರೆಯ ಮೇಲೆ ಬೆರಳು ಮೂರು ಸಲ ಓಡಾಡಿತು.

ಎದ್ದವಳು, "ಇದನ್ನ ಮಗುಚಿ ಹಾಕಿಸು," ಎಂದಳು.

"ಅಕ್ಕ, ಗೋರಿಯ ಕಲ್ಲು ಮಗುಚಿದ್ರೆ ವಂಶಕ್ಕೆ ಕೇಡು. ಅಜ್ಜನ ಹೆಸರು ಏನಾಗ್ಬೇಕು?"

"ಅಜ್ಜನ ಹೆಸರು!" ಅವಳು ಮೈಯ ಮಣ್ಣು ಕೊಡವಿದಳು. "ಸರಿ. ಮುಚ್ಚಳನಾದ್ರೂ ಎತ್ತಿಸು. ಅಮ್ಮನ ಕಲ್ಲಿಗೆ ಹಣೆ ಮುಟ್ಟಿಸ್ಬೇಕು."

ಅದಕ್ಕೆ ಅವನು ಒಪ್ಪಿದ. ನಾಲ್ವರು ಸೇರಿ ಮುಚ್ಚಳ ಎತ್ತಿದರು. ಯಿಂಗ್ ನನ್ನ ಮೇಲೆ ಹಣೆಯಿಟ್ಟಳು. ಅವಳ ಅಗಲವಾದ ತೋಳಂಗಿ ನನ್ನ ಮುಖವನ್ನೆಲ್ಲ ಮುಚ್ಚಿತು. ಅದರ ಮರೆಯಲ್ಲಿ ಅವಳು ಕೂದಲಿನ ಸೂಜಿ ಕಿತ್ತಳು. ಹೆತ್ತವರ ಹೆಸರನ್ನು ಮಕ್ಕಳು ಬಾಯಲ್ಲಿ ಆಡುವುದು ಆ ನಾಡಿನಲ್ಲಿ ದೊಡ್ಡ ಪಾಪ, ಬರೆಯುವುದು ಅದಕ್ಕಿಂತ ದೊಡ್ಡದು. ಖಾಲಿ ಬಿಟ್ಟಿದ್ದ ಎರಡು ಚೌಕಗಳಲ್ಲಿ ಅವಳು ಎರಡು ಅಕ್ಷರ ಗೀಚಿದಳು. ರು. ಯಿ.

ಬರೆಯುತ್ತ ನನಗಷ್ಟೇ ಕೇಳಿಸುವಂತೆ ಹೇಳಿದಳು, "ಅವತ್ತು ಗಾಡಿ ಪರದೆ ಎತ್ತಿ ನಮ್ಮನೆ ಕಡೆ ನೋಡಿದ್ದೆ ಅಮ್ಮ. ಗೋಡೆ ಅಷ್ಟೇ ಕಾಣಿಸ್ತು."

ಮತ್ತೆ ಮುಚ್ಚಳ ಬಿತ್ತು. ಬಾಗಿಲು ಮುಚ್ಚಿತು. ಆಮೇಲೆ ಸಾವಿರ ವರ್ಷಕ್ಕೂ ಮೀರಿ ನಾನು ಕತ್ತಲೆಯಲ್ಲಿದ್ದೆ. ಮಳೆಗಾಲಗಳಲ್ಲಿ ನೀರು ನುಗ್ಗಿ, ಇಟ್ಟಿಗೆ ಕರಗಿ, ನನ್ನ ಬೆನ್ನಿಗೆ ಕೆಸರು ಮೆತ್ತಿ ಗಟ್ಟಿಯಾಯಿತು. ಕಳ್ಳರು ಬಂದರು, ಪಾತ್ರೆ ಪಗಡಿ ಒಯ್ದರು. ಕೊನೆಗೆ ಮ್ಯೂಸಿಯಮ್ಮಿನವರು ಬಂದು ನನ್ನನ್ನು ಅಗೆದು ತೆಗೆದರು, ಮುಖ ತೊಳೆದರು. ಬೆನ್ನು ತೊಳೆಯಲಿಲ್ಲ. ಹಿಂಭಾಗ ಒರಟು, ಬರಹವಿಲ್ಲ ಎಂದು ಬರೆದುಕೊಂಡು ಇಲ್ಲಿ ನಿಲ್ಲಿಸಿದರು.

ಪಕ್ಕದಲ್ಲಿ ಒಂದು ಫಲಕ ಹಾಕಿದ್ದಾರೆ. 'ಹೆಸರಿನ ಜಾಗದಲ್ಲಿ ಕಾಣುವ ಗೀಚು ಗೋರಿ ಕಳ್ಳರಿಂದ ಆದ ಹಾನಿಯಾಗಿರಬಹುದು' ಎಂದಿದೆ. ಹಾನಿ! ನನ್ನ ಮುಖದ ಮೇಲಿರುವ ಒಂದೇ ಒಂದು ಸತ್ಯ ಹಾನಿಯಂತೆ. ಮೊನ್ನೆ ಒಬ್ಬ ಮೇಷ್ಟ್ರು ಶಾಲೆಯ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ, 'ನಗುನಗುತ್ತ ಒಪ್ಪಿಸಿದಳು' ಎಂಬ ಸಾಲನ್ನು ಕೋಲಿನಿಂದ ತೋರಿಸಿ, "ನೋಡ್ರಮ್ಮ, ಎಂಥಾ ತಾಯಿ!" ಎಂದರು. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ನನಗೆ ವಯಸ್ಸಾಯಿತು. ಒಂದು ಮೂಲೆ ಮುಕ್ಕಾಗಿದೆ, ಮುಖದ ಅಕ್ಷರಗಳೂ ಸವೆಯುತ್ತಿವೆ. ಸವೆಯಲಿ. ಆದರೆ ಬೆನ್ನಿನ ಕೆಸರು ಒಣಗಿ ಹಕ್ಕಳೆ ಹಕ್ಕಳೆಯಾಗಿ ಉದುರಲು ಶುರುವಾಗಿದೆ. ಕಸ ಗುಡಿಸುವವಳು ದಿನಾ ಬೆಳಗ್ಗೆ ಬೈಯುತ್ತ ಅದನ್ನು ಗುಡಿಸುತ್ತಾಳೆ. ಮೇಲಿನ ಮೂರು ಸಾಲು ಆಗಲೇ ತೆರೆದುಕೊಂಡಿವೆ.

ನನಗೂ ಗೋಡೆಗೂ ನಡುವೆ ಒಂದು ಕೈ ಹೋಗುವಷ್ಟು ಜಾಗವಿದೆ. ಕಾವಲುಗಾರ ಬೈದರೆ ಬೈಯಲಿ. ಬನ್ನಿ, ಕಣ್ಣು ಮುಚ್ಚಿ, ಕೈ ಹಾಕಿ.